ಹಳೆಯ ರಿವಾಲ್ವರೊಂದರ ಶಾಸನ ಓದಿದ ಕಥೆ



ಕೂಟದ ಸ್ಮರಣ ಸಂಚಿಕೆಗೆ ಶಾಸನ, ವೀರಗಲ್ಲು, ವಚನಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ನಾವು ಬರೆಯಹೊರಟಿರುವುದು ಒಂದು ಹಳೆಯ ಮಿಲಿಟರಿ ರಿವಾಲ್ವರಿನ ಬಗ್ಗೆ. ಹುಬ್ಬೇರಿಸಬೇಡಿ. ಅದರ ಮೈಮೇಲೂ ಶಾಸನವಿದೆ. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯನ್ನು ಆರಂಭಿಸಿದಾಗ ಕಲ್ಲಿನ ಮುಂದೆ ಬೇಕಾಗಿದ್ದ ತಾಳ್ಮೆಯೇ ಈ ಕಬ್ಬಿಣದ ಮುಂದೆಯೂ ಬೇಕು.

ಇಲ್ಲಿ ಸ್ಟರ್ಲಿಂಗ್ ಹೈಟ್ಸಿನಲ್ಲಿ, ನಮ್ಮ ಬೀದಿಯ ಮನೆಯೊಂದನ್ನು ಖಾಲಿ ಮಾಡಿ ಸಾಮಾನು ಮಾರುತ್ತಿದ್ದಾಗ ಅದು ನಮ್ಮ ಕಣ್ಣಿಗೆ ಬಿತ್ತು. ಮಿಷಿಗನ್ ಕಾನೂನಿನಂತೆ ಪೊಲೀಸರಿಂದ ಪರವಾನಗಿ ಪಡೆದು ಮನೆಗೆ ತಂದೆವು. ಗುಂಡಿಲ್ಲವೆಂದು ಎರಡೆರಡು ಸಲ ನೋಡಿಕೊಂಡು, ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ಭೂತಗನ್ನಡಿ ಹಿಡಿದು ಕುಳಿತೆವು.

ಮೊದಲು ಆಕಾರ. ಆರು ಗುಂಡಿನ ಸಿಲಿಂಡರ್, ಐದು ಅಂಗುಲದ ನಳಿಗೆ, ನಯವಾದ ವಾಲ್‌ನಟ್ ಮರದ ಹಿಡಿ, ಹಿಡಿಯ ಬುಡದಲ್ಲಿ ಹುರಿ ಕಟ್ಟುವ ಬಳೆ. ಬಳಿಕ ಅಕ್ಷರ. ಹಿಡಿಯ ಕೆಳಗಿನ ಸಂಖ್ಯೆಯ ಮುಂದೆ ‘ವಿ’ ಎಂಬ ಅಕ್ಷರ. ಸಿಲಿಂಡರಿನ ಮೇಲಿನ ಪಟ್ಟಿಯಲ್ಲಿ ಅಮೆರಿಕ ಸರ್ಕಾರದ ಸ್ವತ್ತೆಂಬ ಮುದ್ರೆ. ಅಲ್ಲಿಗೆ ಗುರುತು ಸಿಕ್ಕಿತು: ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ 1942ರಿಂದ 1945ರವರೆಗೆ ತಯಾರಿಸಿದ ‘ವಿಕ್ಟರಿ’ ಮಾದರಿ. ‘ವಿ’ ಎಂದರೆ ವಿಜಯ. ಅದೇ ಸಂಖ್ಯೆ ಸಿಲಿಂಡರಿನ ಹಿಂಬದಿ, ನಳಿಗೆಯ ಕೆಳಭಾಗ, ಬಲಗಡೆ ಹಿಡಿಯ ಒಳಮೈ, ಎಲ್ಲ ಕಡೆಯೂ ಇತ್ತು. ಬಿಡಿಭಾಗಗಳು ಅದಲುಬದಲಾಗಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಈ ಮಾದರಿಯ ಹಿನ್ನೆಲೆ ಸ್ವಾರಸ್ಯವಾಗಿದೆ. ಯುದ್ಧದ ಆರಂಭದಲ್ಲಿ ಬ್ರಿಟಿಷರು ಹೊಸ ಬಗೆಯ ಹಗುರ ರೈಫಲ್ಲಿಗಾಗಿ ಈ ಕಂಪನಿಗೆ ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟಿದ್ದರು. ರೈಫಲ್ ಪರೀಕ್ಷೆಯಲ್ಲಿ ಸೋತಿತು, ಹಣ ಆಗಲೇ ಖರ್ಚಾಗಿತ್ತು. ಕೊನೆಗೆ ಕಂಪನಿ ಸಾಲವನ್ನು ರಿವಾಲ್ವರುಗಳ ರೂಪದಲ್ಲಿ ತೀರಿಸಿತು. 1941ರ ಮಾರ್ಚಿಯಲ್ಲಿ ಲೆಂಡ್-ಲೀಸ್ ಕಾಯಿದೆ ಬಂದ ಮೇಲೆ ಅಮೆರಿಕ ಸರ್ಕಾರವೇ ಕೊಂಡು ಕಳುಹಿಸತೊಡಗಿತು. ಹೀಗೆ ಬ್ರಿಟನ್ ಮತ್ತು ಅದರ ಸಾಮ್ರಾಜ್ಯದ ಸೇನೆಗಳಿಗೆ ಹೋದವು ಐದು ಲಕ್ಷಕ್ಕೂ ಹೆಚ್ಚು. ನಮ್ಮ ನೆರೆಯ ವಾರೆನ್ನಿನ ಕ್ರೈಸ್ಲರ್ ಕಾರ್ಖಾನೆ 22 ಸಾವಿರಕ್ಕೂ ಮಿಕ್ಕಿ ಟ್ಯಾಂಕುಗಳನ್ನು ತಯಾರಿಸಿದ್ದೂ ಇದೇ ಯುದ್ಧಕ್ಕೆ.

ಸಾಮ್ರಾಜ್ಯದ ಸೇನೆ ಎಂದೊಡನೆ ನಮ್ಮ ಮನಸ್ಸು ಊರಿಗೆ ಹಾರಿತು. 1945ರ ಜನವರಿಯಲ್ಲಿ ಬರ್ಮಾದ ಕಂಗಾವ್ ಕದನದಲ್ಲಿ ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನನ್ನು ಮುನ್ನಡೆಸಿ ಡಿ.ಎಸ್.ಓ. ಪದಕ ಪಡೆದರು. ನಮ್ಮ ಮೇಜಿನ ಮೇಲಿರುವುದು ಅಲ್ಲಿಯ ಯಾವನೋ ಕೊಡಗಿನ ವೀರನ ಸೊಂಟದಲ್ಲಿ ತೂಗಾಡಿರಬಾರದೇಕೆ? ಕೂಟದ ಸಭೆಯಲ್ಲಿ ಹೇಳಿಕೊಳ್ಳಲು ಎಂಥ ಕಥೆ!

ಆದರೆ ಶಾಸನ ಬೇರೆಯೇ ಹೇಳಿತು. ನಳಿಗೆಯ ಮೇಲೆ ಕಿರೀಟದ ಕೆಳಗೆ ‘ಬಿ ಎನ್ ಪಿ’ ಎಂಬ ಬರ್ಮಿಂಗ್‌ಹ್ಯಾಮ್ ಪರೀಕ್ಷಾಶಾಲೆಯ ಮುದ್ರೆ, ಪಕ್ಕದಲ್ಲಿ ‘.38’, ‘.767’, ‘3½ ಟನ್’ ಎಂಬ ಅಂಕಿಗಳು. ಯುದ್ಧ ಮುಗಿದು, ಬ್ರಿಟಿಷ್ ಸೇನೆಯ ಉಗ್ರಾಣದಿಂದ ಹೊರಬಿದ್ದು, ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಮಾಲಿನ ಗುರುತು ಇದು. ಭಾರತದ ಒಂದು ಮುದ್ರೆಯೂ ಇಲ್ಲ. ಕಲ್ಲಿನಲ್ಲಿಲ್ಲದ ರಾಜನ ಹೆಸರನ್ನು ಓದುವುದು ಹೇಗೆ ತಪ್ಪೋ ಇದೂ ಹಾಗೆಯೇ. ತಿಮ್ಮಯ್ಯನವರ ಕೀರ್ತಿಗೆ ನಮ್ಮ ರಿವಾಲ್ವರಿನ ಸಾಕ್ಷಿ ಬೇಕಾಗಿಯೂ ಇಲ್ಲ.

ಆ ‘.767’ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟಿತು. ಅದು ತೋಟಾದ ಕೋಶದ ಉದ್ದ, ಸುಮಾರು 19.5 ಮಿಲಿಮೀಟರ್. ನಮ್ಮ ಸಿಲಿಂಡರಿನಲ್ಲಾದರೋ 29 ಮಿಲಿಮೀಟರಿನ ‘.38 ಸ್ಪೆಷಲ್’ ಅಳತೆಯ ಹುಸಿ ತೋಟಾ ಸಲೀಸಾಗಿ ಪೂರ್ತಿ ಕುಳಿತುಬಿಟ್ಟಿತು! ಪರೀಕ್ಷೆಯಾದ ಮೇಲೆ ಯಾರೋ ರಂಧ್ರಗಳನ್ನು ಕೊರೆದು ಉದ್ದ ಮಾಡಿದ್ದರು. ಅಮೆರಿಕದಲ್ಲಿ ಸುಲಭವಾಗಿ ಸಿಗುವ ತೋಟಾ ಹಿಡಿಯಲೆಂದು ವ್ಯಾಪಾರಿಗಳು ಸಾವಿರಾರು ರಿವಾಲ್ವರುಗಳಿಗೆ ಹೀಗೆ ಮಾಡಿದರು. ಹಳೆಯ ರಂಧ್ರದ ಬುಡ ಹೊಸ ತೋಟಾಕ್ಕಿಂತ ಅಗಲ. ಹಾರಿಸಿದರೆ ಕೋಶ ಉಬ್ಬಿ ಸೀಳಬಹುದು.

ಆ ಕಾಲದಲ್ಲಿ ಇಂಥ ಮಾಲು ಅಂಚೆಯಲ್ಲೇ ಮನೆಗೆ ಬರುತ್ತಿತ್ತು. 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಧ್ಯಕ್ಷ ಕೆನೆಡಿಯವರ ಹತ್ಯೆಯ ಬಳಿಕ ಆಸ್ವಾಲ್ಡ್ ಪೊಲೀಸ್ ಅಧಿಕಾರಿ ಟಿಪ್ಪಿಟ್ ಅವರನ್ನು ಕೊಂದದ್ದು ಹೀಗೆಯೇ ಬ್ರಿಟನ್ನಿನಿಂದ ಮರಳಿದ, ಹೀಗೆಯೇ ರಂಧ್ರ ಕೊರೆದ, ಅಂಚೆಯಲ್ಲಿ 29 ಡಾಲರ್ 95 ಸೆಂಟಿಗೆ ತರಿಸಿದ ‘ವಿಕ್ಟರಿ’ಯಿಂದ. 1968ರ ಅಕ್ಟೋಬರಿನ ಬಂದೂಕು ನಿಯಂತ್ರಣ ಕಾಯಿದೆ ಆ ಅಂಚೆ ವ್ಯಾಪಾರಕ್ಕೆ ತೆರೆ ಎಳೆಯಿತು. ನಮ್ಮ ಸ್ಟರ್ಲಿಂಗ್ ಹೈಟ್ಸ್ ಟೌನ್‌ಶಿಪ್ಪಿನಿಂದ ನಗರವಾದದ್ದೂ ಅದೇ ವರ್ಷ. ಇದನ್ನು ಓದಿದ ದಿನ ಮೇಜಿನ ಮೇಲಿದ್ದ ವಸ್ತು ನಮಗೆ ಮೊದಲಿನಂತೆ ಕಾಣಲಿಲ್ಲ.

ಇನ್ನು ದುರಸ್ತಿಯ ವಿಷಯ. ಸ್ನೇಹಿತರೊಬ್ಬರು ‘ಮರಳು ಹೊಡೆಸಿ ನಿಕ್ಕಲ್ ಲೇಪ ಹಾಕಿಸಿ, ಹೊಸದರಂತಾಗುತ್ತದೆ’ ಎಂದರು. ಊರ ದೇವಸ್ಥಾನಗಳಲ್ಲಿ ಶಾಸನದ ಮೇಲೆ ಸುಣ್ಣ ಬಳಿದುದನ್ನು ಕಂಡವರು ನಾವು, ಒಪ್ಪಲಿಲ್ಲ. ತಿರುಪುಗಳಿಗೆ ಸರಿಯಾಗಿ ಕೂರುವ ತಿರುಪುಳಿಯನ್ನೇ ಬಳಸಿ ಬಿಚ್ಚಿದೆವು. ಪಕ್ಕದ ಮುಚ್ಚಳವನ್ನು ಮೀಟಿ ತೆಗೆಯಬಾರದು. ಚೌಕಟ್ಟನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ತಾನೇ ಎದ್ದು ಬರುತ್ತದೆ. ತೆಳು ಎಣ್ಣೆಯಲ್ಲಿ ನೆನೆಸಿ, ಕಂಚಿನ ಉಣ್ಣೆಯಿಂದ ಕೆಂಪು ತುಕ್ಕನ್ನು ಮಾತ್ರ ಉಜ್ಜಿದೆವು. ಮಂಕು ಬೂದು ಬಣ್ಣದ ಮೂಲ ಲೇಪವನ್ನು ಮುಟ್ಟಲಿಲ್ಲ. ಮರಕ್ಕೆ ಅಗಸೆ ಎಣ್ಣೆಯ ಒಂದು ಕೈ, ಅಷ್ಟೆ. ಕೊರೆದ ರಂಧ್ರಗಳನ್ನು ಹಾಗೆಯೇ ಬಿಟ್ಟೆವು. ಅದೂ ಅದರ ಚರಿತ್ರೆಯ ಭಾಗ. ಅದನ್ನು ಎಂದೂ ಹಾರಿಸುವುದಿಲ್ಲವೆಂದು ನಿರ್ಧರಿಸಿದೆವು.

ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಅಲ್ಲಿ ಆಯುಧ ಆಟದ ಸಾಮಾನಲ್ಲ, ಹಿರಿಯರೆದುರು ಎತ್ತಿಕೊಳ್ಳುವ ಹೊಣೆ. ಮಕ್ಕಳಿರುವ ಮನೆಯಲ್ಲಿ ಬಂದೂಕನ್ನು ಬೀಗ ಹಾಕಿಡಲೇಬೇಕೆಂಬ ಮಿಷಿಗನ್ ಕಾನೂನು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಎರಡೂ ಹೇಳುವುದು ಒಂದೇ ಮಾತು.

ಮಹಾನವಮಿಯ ದಿನ ನಾವು ಕಾರಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ರಿವಾಲ್ವರನ್ನು ಆ ಸಾಲಿನಲ್ಲಿ ಇಡಬೇಕೇ ಎಂದು ಮಕ್ಕಳು ಕೇಳಿದರು. ಬೇಡವೆಂದೆವು. ಬೀಗದ ಪೆಟ್ಟಿಗೆ ತೆರೆದು, ಜೊತೆಯಲ್ಲಿ ಕುಳಿತು, ಮುದ್ರೆಗಳನ್ನು ಒಂದೊಂದಾಗಿ ತೋರಿಸಿ, ಸ್ಪ್ರಿಂಗ್‌ಫೀಲ್ಡಿನಿಂದ ಡಲ್ಲಾಸಿನವರೆಗಿನ ಕಥೆಯನ್ನೆಲ್ಲ ಹೇಳಿ, ಮತ್ತೆ ಬೀಗ ಹಾಕಿದೆವು.