1948: ಎರಡು ಮನೆ, ಒಂದು ನೆನಪು

ಮೆಹದಿಪಟ್ಟಣಂನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆ ಊರಿನ ದಾರಿ ಹತ್ತಿರ. ಇಲ್ಲಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಮೊಯಿನಾಬಾದ್, ಚೇವೆಳ್ಳ, ವಿಕಾರಾಬಾದ್ ದಾಟಿ ತಾಂಡೂರು ಸೇರುತ್ತದೆ. ತಾಂಡೂರು, ಕೊಡಂಗಲ್ ತಾಲ್ಲೂಕುಗಳು 1956ರವರೆಗೆ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಭಾಷೆಯ ಆಧಾರದ ಮೇಲೆ ಮೂರು ಪಾಲಾಯಿತು. ಅದಕ್ಕೂ ಮುಂಚೆ ಬೀದರ, ಗುಲಬರ್ಗಾ, ರಾಯಚೂರುಗಳಿಂದ ಇಲ್ಲಿಗೆ ಬಂದ ನಮ್ಮ ಹಿರಿಯರು ಪರಸ್ಥಳಕ್ಕೆ ಬಂದವರಲ್ಲ. ತಮ್ಮದೇ ರಾಜಧಾನಿಗೆ ಬಂದವರು.

ಈ ಬಡಾವಣೆಗೆ ನವಾಬ್ ಮೆಹದಿ ನವಾಜ್ ಜಂಗ್ ಅವರ ಹೆಸರು ಬಂದಿದೆ. ನಿಜಾಮರ ಆಡಳಿತದಲ್ಲಿದ್ದ ಅವರು 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದರು. ದೊಡ್ಡವರ ಮಟ್ಟದಲ್ಲಿ ಹಳೆಯ ಕಾಲವು ಹೊಸ ಕಾಲದೊಳಗೆ ಇಷ್ಟು ಸಲೀಸಾಗಿ ಸೇರಿಹೋಯಿತು. ನಮ್ಮ ಊರುಗಳಲ್ಲಿ ಹಾಗಾಗಲಿಲ್ಲ.

ನಮ್ಮ ತಂದೆಯವರಿಗೆ ಗುಲಬರ್ಗಾ ಜಿಲ್ಲೆಯ ನಮ್ಮ ಊರಿನಲ್ಲಿ ಒಬ್ಬ ಜೀವದ ಗೆಳೆಯರಿದ್ದರು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಇಬ್ಬರೂ ಒಂದೇ ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ಕಲಿತರು, ಓಣಿಯಲ್ಲಿ ಕನ್ನಡದಲ್ಲಿ ಜಗಳವಾಡಿದರು. 1948ರಲ್ಲಿ ಅವರಿಗೆ ಹದಿನಾರು ವರ್ಷ. ಆ ವರ್ಷದ ಬಳಿಕ ಮೂವತ್ತೈದು ವರ್ಷ ಅವರ ನಡುವೆ ಒಂದು ಕಾಗದವೂ ಓಡಾಡಲಿಲ್ಲ.

ಏನಾಗಿತ್ತು ಆ ವರ್ಷ? 1947ರ ನವೆಂಬರ್ 29ರಂದು ನಿಜಾಮರೂ ಭಾರತ ಸರಕಾರವೂ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆದರೆ ಊರುಗಳಲ್ಲಿ ಯಥಾಸ್ಥಿತಿ ಉಳಿಯಲಿಲ್ಲ. ಕಾಸಿಂ ರಜವಿಯ ರಜಾಕಾರರು ಹಳ್ಳಿಹಳ್ಳಿಗೆ ವಂತಿಗೆ ಹೇರಿದರು. ಕೊಡದ ಕಡೆ ಲೂಟಿ, ಬೆಂಕಿ, ಕೊಲೆ, ಮಾನಭಂಗ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೋರ್ಟಾದಲ್ಲಿ ನಡೆದ ಹತ್ಯೆಯನ್ನು ಬೀದರ ಸೀಮೆ ಇಂದಿಗೂ ಮರೆತಿಲ್ಲ. ಸಾವಿರಾರು ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ಗದಗಗಳ ಕಡೆಗೆ ಹೋದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ರಜಾಕಾರರನ್ನು ಎದುರಿಸಿದವರಲ್ಲಿ ಮುಸಲ್ಮಾನರೂ ಇದ್ದರೆಂಬುದನ್ನು ಇಲ್ಲಿ ನೆನೆಯಲೇಬೇಕು. ‘ಇಮ್ರೋಜ್’ ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಆ ವರ್ಷದ ಆಗಸ್ಟಿನಲ್ಲಿ ಇದೇ ಹೈದರಾಬಾದಿನ ಕಾಚಿಗುಡದಲ್ಲಿ ಕೊಂದುಹಾಕಿದರು.

ನಮ್ಮ ತಂದೆಯವರ ಮನೆಯವರೂ ಆ ಬೇಸಿಗೆಯಲ್ಲಿ ಒಂದು ರಾತ್ರಿ ಬಂಡಿ ಕಟ್ಟಿ ಊರು ಬಿಟ್ಟರು. ಹೊರಡುವ ಮುನ್ನ ಕಣ್ಣೆದುರಿಗೇ ಮನೆ ಲೂಟಿಯಾಗಿತ್ತು. ಗೋಡೆಯಾಚೆಯ ಮನೆಯಿಂದ ಒಬ್ಬರೂ ಹೊರಗೆ ಬರಲಿಲ್ಲ. ನಾವು ಚಿಕ್ಕಂದಿನಿಂದ ಕೇಳಿದ ಕಥೆ ಇಷ್ಟೇ. ಅದು ಸೆಪ್ಟೆಂಬರ್ 17ಕ್ಕೆ ಮುಗಿದುಹೋಗುತ್ತಿತ್ತು. 13ರಂದು ಭಾರತದ ಸೈನ್ಯ ಬಂತು, 17ರಂದು ನಿಜಾಮರು ಮಣಿದರು, ನಾವು ಊರಿಗೆ ಮರಳಿದೆವು ಎಂದು.

ಗೆಳೆಯರ ಮನೆಯಲ್ಲಿ ಮಕ್ಕಳು ಕೇಳಿ ಬೆಳೆದ ಕಥೆ ಆ 17ರಿಂದ ಆರಂಭವಾಗುತ್ತಿತ್ತು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದವರ ಮೇಲೂ ಸೇಡು ಬಿತ್ತು. ಅವರ ಅಣ್ಣನನ್ನು ಹಗಲಿನಲ್ಲೇ ಎಳೆದೊಯ್ದರು; ಆತ ಮತ್ತೆ ಬರಲಿಲ್ಲ. ಉಳಿದವರು ಹೈದರಾಬಾದಿಗೆ ಓಡಿ ಬಂದರು.

1983ರ ಸುಮಾರಿಗೆ ನಾವು ಮೆಹದಿಪಟ್ಟಣಂನಲ್ಲಿ ಬಾಡಿಗೆಗಿದ್ದೆವು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಇಬ್ಬರೂ ಎದುರಾದರು. ತಂದೆಯವರು ಅವರನ್ನು ಮನೆಗೇ ಕರೆತಂದರು. ನಾವು ಅವರನ್ನು ಚಾಚಾ ಎಂದೆವು. ಮಾಸ್ತರರ ಬೆತ್ತ, ಊರ ಬಾವಿ, ಬಿಳಿಜೋಳದ ಸೀತನಿ, ಇವೇ ಮಾತು. ನಾಲ್ಕಾರು ಸಲ ಬಂದು ಹೋದರೂ ಆ ವರ್ಷದ ಸುದ್ದಿ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಕೊನೆಗೊಂದು ದಿನ ತಂದೆಯವರೇ ಕೇಳಿದರು: “ನಮ್ಮ ಮನಿ ಲೂಟಿ ಆದಾಗ ನೀ ಎಲ್ಲಿದ್ದಿ?”

ಚಾಚಾ ಬಹಳ ಹೊತ್ತು ಸುಮ್ಮನಿದ್ದರು. “ಮನ್ಯಾಗೇ ಇದ್ದೆ. ಬಾಗಲಾ ಹಾಕ್ಕೊಂಡು ಕುಂತಿದ್ವಿ,” ಎಂದರು. ಆಮೇಲೆ ಅವರೂ ಕೇಳಿದರು: “ನಮ್ಮ ಅಣ್ಣನ್ನ ಎಳಕೊಂಡು ಹೋದಾಗ ನೀವು ಊರಿಗೆ ಬಂದಿದ್ರಿ ಅಲ್ಲಾ?”

“ಬಂದಿದ್ವಿ,” ಎಂದರು ತಂದೆಯವರು. “ನಾವೂ ಬಾಗಲಾ ಹಾಕ್ಕೊಂಡಿದ್ವಿ.”

ಕ್ಷಮೆ ಕೇಳಿದ್ದೂ ಇಲ್ಲ, ಕೊಟ್ಟದ್ದೂ ಇಲ್ಲ. ಆ ರಾತ್ರಿ ಚಾಚಾ ನಮ್ಮಲ್ಲೇ ಊಟ ಮಾಡಿ ಹೋದರು. ಮುಂದೆ ಹಬ್ಬಹುಣ್ಣಿಮೆಗೆ ಎರಡೂ ಮನೆಯವರು ಬಂದು ಹೋಗುವುದು ನಡೆಯಿತು. ಅಂದು ಆ ಪ್ರಶ್ನೆ ಕೇಳದೆ ಹೋಗಿದ್ದರೆ ಸೀತನಿಯ ಮಾತು ತೀರಿದ ದಿನ ಗೆಳೆತನವೂ ತೀರುತ್ತಿತ್ತೆಂದು ನಮಗೆ ತೋರುತ್ತದೆ.

ಮನೆಯಲ್ಲಿ ನಡೆದದ್ದೇ ನಾಡಿನಲ್ಲೂ ನಡೆದಿತ್ತು. ಪ್ರಧಾನಿ ನೆಹರೂ ಅವರು 1948ರ ಕೊನೆಯಲ್ಲಿ ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ತಂಡವನ್ನು ಹೈದರಾಬಾದ್ ಸಂಸ್ಥಾನಕ್ಕೆ ಕಳಿಸಿದ್ದರು. ಇಲ್ಲಿಯ ‘ಪಯಾಮ್’ ಪತ್ರಿಕೆಯನ್ನು ನಡೆಸಿದ್ದ ಖಾಜಿ ಅಬ್ದುಲ್ ಗಫಾರ್ ಅವರೂ ಅದರಲ್ಲಿದ್ದರು. ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಅವರು ಸುತ್ತಾಡಿದರು. ರಜಾಕಾರರ ದೌರ್ಜನ್ಯವನ್ನು ಆ ವರದಿ ಮುಚ್ಚಿಡಲಿಲ್ಲ. ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲೂ ಅದರ ನಂತರವೂ 27,000ದಿಂದ 40,000 ಜನ ಸತ್ತಿರಬಹುದೆಂದು ಅದು ಅಂದಾಜು ಮಾಡಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ನಾಂದೇಡ್, ಮತ್ತು ನಮ್ಮ ಗುಲಬರ್ಗಾ, ಬೀದರ. ಈ ಅಂದಾಜನ್ನು ಒಪ್ಪದವರೂ ಇದ್ದಾರೆ. ಅದನ್ನು ಚರ್ಚಿಸುವ ಅವಕಾಶವೇ ಬಹುಕಾಲ ಇರಲಿಲ್ಲ. ವರದಿ ಸಾರ್ವಜನಿಕರ ಕೈಗೆ ಸಿಕ್ಕದ್ದು 2013ರ ಸುಮಾರಿಗೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಕೆಲವು ಕಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಕಾಪಾಡಿದರು. ಅಪಹೃತರಾದ ಹೆಣ್ಣುಮಕ್ಕಳನ್ನು ಹುಡುಕಿ ತರಲು ಎಷ್ಟೋ ಹಿಂದೂಗಳು ನೆರವಾದರು. ಒಂದೇ ಕಸುಬು ಮಾಡಿ ಒಟ್ಟಿಗೆ ಬದುಕಿದವರಲ್ಲಿ ಕೆಲವರಾದರೂ ಬಾಗಿಲು ತೆರೆದರು. ವರದಿಯನ್ನು ಮುಚ್ಚಿಟ್ಟಾಗ ಕೊಂದವರ ಸುದ್ದಿಯೊಡನೆ ಕಾಯ್ದವರ ಸುದ್ದಿಯೂ ಮುಚ್ಚಿಹೋಯಿತು. ಈ ನಷ್ಟ ಎರಡೂ ಕಡೆಯವರದು.

ಇಂದು ಸೆಪ್ಟೆಂಬರ್ 17ಕ್ಕೆ ಹಲವು ಹೆಸರುಗಳಿವೆ. ಕರ್ನಾಟಕದಲ್ಲಿ ಅದು ಕಲ್ಯಾಣ ಕರ್ನಾಟಕದ ಉತ್ಸವ. ತೆಲಂಗಾಣದಲ್ಲಿ 2022ರಂದು ಕೇಂದ್ರ ಸರಕಾರ ಅದನ್ನು ವಿಮೋಚನಾ ದಿನವೆಂದು ಆಚರಿಸಿದರೆ ರಾಜ್ಯ ಸರಕಾರ ರಾಷ್ಟ್ರೀಯ ಏಕೀಕರಣ ದಿನವೆಂದಿತು. 2024ರಲ್ಲಿ ಅದು ಪ್ರಜಾ ಪಾಲನಾ ದಿನವಾಯಿತು. ಹೆಸರಿನ ಮೇಲೆ ಜಗಳ ನಮಗೆ ಬೇಡ. ಆ ದಿನ ನಮ್ಮ ಜನ ಒಂದು ದಬ್ಬಾಳಿಕೆಯಿಂದ ಬಿಡುಗಡೆ ಪಡೆದದ್ದು ನಿಜ. ಬಿಡುಗಡೆಯ ಮರುದಿನಗಳಲ್ಲಿ ನಮ್ಮ ನೆರೆಯವರು ಸತ್ತದ್ದೂ ನಿಜ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ.

ತಂದೆಯವರೂ ಚಾಚಾ ಅವರೂ ಈಗಿಲ್ಲ. ಆ ವರ್ಷವನ್ನು ಕಣ್ಣಾರೆ ಕಂಡವರು ಈಗ ಎಂಬತ್ತು, ತೊಂಬತ್ತು ದಾಟಿದ್ದಾರೆ. ಓದುಗ ಬಂಧುಗಳಲ್ಲಿ ನಮ್ಮದೊಂದು ಅರಿಕೆ: ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಹತ್ತಿರ ಕುಳಿತು ಕೇಳಿರಿ, ಬರೆದಿಡಿರಿ. ಅವರ ಕಥೆ ಸೆಪ್ಟೆಂಬರ್ 17ಕ್ಕೆ ಮುಗಿದರೆ, “ಆಮೇಲೆ ಏನಾಯ್ತು?” ಎಂದು ಕೇಳಿರಿ. ಅಲ್ಲಿಂದಲೇ ಆರಂಭವಾದರೆ, “ಅದಕ್ಕೂ ಮುಂಚೆ?” ಎಂದು ಕೇಳಿರಿ.