ಮಳಖೇಡದಿಂದ ಶುರುವಾಗುವ ಒಂದು ಬುಕ್ ಲಿಸ್ಟ್

ಸಾಫ್ಟ್‌ವೇರ್ ಇಂಜಿನಿಯರ್ ಆದವನು ಓದಲೇಬೇಕಾದ ಪುಸ್ತಕ ಯಾವುದು ಅಂತ ಯಾರನ್ನೇ ಕೇಳಿ, ಹೆಚ್ಚುಕಮ್ಮಿ ಒಂದೇ ಪಟ್ಟಿ ಬರುತ್ತದೆ. ಡೊನಾಲ್ಡ್ ಕ್ನೂತ್ ಅವರ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' (ಮೊದಲ ಸಂಪುಟ 1968), ಫ್ರೆಡ್ ಬ್ರೂಕ್ಸ್ ಅವರ 'ದಿ ಮಿಥಿಕಲ್ ಮ್ಯಾನ್-ಮಂತ್' (1975), ಕರ್ನಿಘನ್-ರಿಚಿ ಜೋಡಿಯ ಸಿ ಪುಸ್ತಕ (1978), ಅಬೆಲ್ಸನ್-ಸಸ್‌ಮನ್ ಅವರ ಸ್ಕೀಮ್ ಪುಸ್ತಕ (1985), ಕಾರ್ಮನ್ ಮತ್ತು ಗೆಳೆಯರ ಅಲ್ಗಾರಿದಮ್ಸ್ (1990), 'ಡಿಸೈನ್ ಪ್ಯಾಟರ್ನ್ಸ್' (1994). ಮುಂದೆ ಅವರವರ ರುಚಿ. ಪಟ್ಟಿ ಒಳ್ಳೆಯದೇ, ತಕರಾರಿಲ್ಲ. ಇದರಲ್ಲಿ ಅರ್ಧವನ್ನಾದರೂ ಓದದೆ ನನ್ನ ಹೊಟ್ಟೆಪಾಡು ನಡೆಯುತ್ತಿರಲಿಲ್ಲ.

ಆದರೆ ಚಿಕ್ಕಪ್ಪನ ಮಗ ಒಬ್ಬನಿದ್ದಾನೆ, ದೇವದುರ್ಗದವನು. ಹತ್ತನೆಯವರೆಗೆ ಕನ್ನಡ ಮೀಡಿಯಮ್, ಈಗ ರಾಯಚೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಅವನಿಗೆ ಈ ಪಟ್ಟಿ ಕಳಿಸಿದೆ. ಅವನು ಪೂರ್ತಿ ನೋಡಿ ಕೇಳಿದ ಪ್ರಶ್ನೆ ಇದು: "ಅಣ್ಣ, ಈ ಲಿಸ್ಟ್‌ನಾಗ ನಮ್ಮವ್ರು ಒಬ್ಬರೂ ಇಲ್ಲಲ್ಲ. ನಾವು ಬರೇ ಓದವ್ರೇನು?"

ತಮಾಷೆಗೆ ಕೇಳಿದ್ದಲ್ಲ. ಅವನ ಕ್ಲಾಸಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿನ ಹುಡುಗರು ಮುಂದೆ, ಇವನು ಹಿಂದಿನ ಬೆಂಚು. ಬೇರೆಯವರ ಮನೆಯ ಮದುವೆಗೆ ತಡವಾಗಿ ಹೋಗಿ ನಿಂತಂಗೆ ಅನ್ನಿಸುತ್ತದೆ ಅವನಿಗೆ. ಇಂಥ ಪ್ರಶ್ನೆಗೆ ವಾಟ್ಸಾಪ್ ಫಾರ್ವರ್ಡುಗಳ ಹತ್ತಿರ ಸಿದ್ಧ ಉತ್ತರ ಇದೆ: ಎಲ್ಲಾ ನಮ್ಮ ವೇದಗಳಲ್ಲೇ ಇತ್ತು, ಕಂಪ್ಯೂಟರಿಗೆ ಸಂಸ್ಕೃತವೇ ಬೆಸ್ಟು, ಇತ್ಯಾದಿ. ಆ ಉತ್ತರ ಅವನಿಗೆ ಕೊಡಲು ನನಗೆ ಮನಸ್ಸಿಲ್ಲ, ಅದು ಸುಳ್ಳು. ಆದರೆ ನಿಜವಾದ ಉತ್ತರವೊಂದಿದೆ. ಅದು ಸಿಗುವುದು ನಮ್ಮೂರಿನ ಸುತ್ತಮುತ್ತಲೇ.

ಮೊದಲು ರಾಯಚೂರು ಕೋಟೆ. ಬ್ರೂಕ್ಸ್ ಪುಸ್ತಕದ ಮುಖಪುಟ ನೋಡಿದವರಿಗೆ ನೆನಪಿರುತ್ತದೆ, ಡಾಂಬರು ಗುಂಡಿಯಲ್ಲಿ ಸಿಕ್ಕಿಕೊಂಡ ಪ್ರಾಣಿಗಳ ಚಿತ್ರ. ಐಬಿಎಂನ ಓಎಸ್/360 ಕಟ್ಟುವಾಗ ಪಟ್ಟ ಪಾಡನ್ನೇ ಅವರು ಪುಸ್ತಕ ಮಾಡಿದ್ದು. ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನರನ್ನು ಸುರಿದರೆ ಅದು ಇನ್ನೂ ತಡವಾಗುತ್ತದೆ ಅನ್ನುವುದು ಅದರ ಸಾರ. ನಮ್ಮ ಕೋಟೆಯಲ್ಲೂ ಒಂದು ಪ್ರಾಜೆಕ್ಟಿನ ಚಿತ್ರ ಇದೆ. ಪಶ್ಚಿಮದ ಒಳಗೋಡೆಯಲ್ಲಿ 41 ಅಡಿ 8 ಅಂಗುಲ ಉದ್ದದ ಒಂದೇ ಕಲ್ಲು, ಅದರ ಮೇಲೆ 1294ರ ಶಾಸನ. ಕಾಕತೀಯರ ಕಾಲದ್ದು, ಕೋಟೆ ಕಟ್ಟಿಸಿದವನು ಗೋರೆ ಗಂಗಯ್ಯ ರೆಡ್ಡಿ. ಗೋಡೆಗಿಂತ ಮೊದಲು ಗೆದ್ದ ಕೋಟೆಗಳ ಹೆಸರೂ ಶಾಸನದಲ್ಲಿವೆ, ಅದರಲ್ಲಿ 'ಮಾನುವ' ಒಂದು. ಅಂದರೆ ನಮ್ಮ ಮಾನ್ವಿ! ಪಕ್ಕದಲ್ಲೇ ಆ ಕಲ್ಲನ್ನು ತಂದ ಬಗೆಯನ್ನು ಗೀಚಿಟ್ಟಿದ್ದಾರೆ. ಗಟ್ಟಿ ಚಕ್ರದ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದ ಸಾಲು, ನಡುನಡುವೆ ಹೊಡೆಯುವವರು, ಹಿಂದಿನಿಂದ ಚಕ್ರಕ್ಕೆ ಹಾರೆ ಕೊಟ್ಟು ಮೀಟುವವರು. ರಾಜನ ಹೊಗಳಿಕೆ ಮಾತ್ರ ಕೆತ್ತಿದ್ದರೆ ಸಾಕಿತ್ತಲ್ಲ? 'ಹೆಂಗ ತಂದೆವು' ಅನ್ನುವುದನ್ನೂ ಬರೆದಿಡಬೇಕು ಅಂತ ಯಾರಿಗೋ ಅನ್ನಿಸಿದೆ. ಡಾಕ್ಯುಮೆಂಟೇಷನ್ ಬರೆಯಿರಿ ಅಂತ ಮೀಟಿಂಗಿನಲ್ಲಿ ಬಡಕೊಳ್ಳುವ ನನ್ನಂಥವರಿಗೆ ಆ ಅನಾಮಿಕ ಕಲ್ಲುಕುಟಿಗನ ಮೇಲೆ ಭಾರೀ ಗೌರವ :-)

ಚಿತ್ರ ಬಿಟ್ಟು ಪುಸ್ತಕಕ್ಕೆ ಬರೋಣ. ರಾಯಚೂರಿನಿಂದ ಉತ್ತರಕ್ಕೆ, ಯಾದಗಿರಿ ದಾಟಿ ಹೋದರೆ ಕಾಗಿಣಾ ನದಿ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಈಗ ಆ ಹೆಸರು ಹೇಳಿದರೆ ಜನಕ್ಕೆ ಸಿಮೆಂಟ್ ಫ್ಯಾಕ್ಟರಿ ನೆನಪಾಗುತ್ತದೆ. ಒಂಬತ್ತನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ 814ರಿಂದ 60 ವರ್ಷಕ್ಕೂ ಹೆಚ್ಚು ಆಳಿದ. ಅವನ ಆಸ್ಥಾನ ಅಂದ ಕೂಡಲೇ ನಮಗೆಲ್ಲ ಕವಿರಾಜಮಾರ್ಗ. ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ಅದೇ ರಾಜನನ್ನು ಆರಂಭದಲ್ಲಿ ಹೊಗಳಿ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ 'ಗಣಿತಸಾರಸಂಗ್ರಹ' ಬರೆದ. ಸಂಸ್ಕೃತದಲ್ಲಿ, ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಪದ್ಯ.

ಇದನ್ನು ಹಳೆಯ ಹೆಮ್ಮೆಗಾಗಿ ಪಟ್ಟಿಗೆ ಸೇರಿಸುತ್ತಿಲ್ಲ. ಟೆಕ್ನಿಕಲ್ ಪುಸ್ತಕ ಅಂತಲೇ ಸೇರಿಸುತ್ತಿದ್ದೇನೆ, ಕಾರಣ ಹೇಳುತ್ತೇನೆ ಕೇಳಿ.

ಆರ್ಯಭಟನ ಪುಸ್ತಕ ಸೂತ್ರಗಳ ಮೂಟೆ, ಉದಾಹರಣೆ ಬೇಕೆಂದರೆ ವ್ಯಾಖ್ಯಾನಕಾರರನ್ನು ಹುಡುಕಬೇಕು. ಮಹಾವೀರಾಚಾರ್ಯ ಹಾಗೆ ಮಾಡುವುದಿಲ್ಲ. ಮೊದಲು ಕರಣಸೂತ್ರ, ಅಂದರೆ ಲೆಕ್ಕ ಮಾಡುವ ವಿಧಾನ. ಕೂಡಲೇ ಕೆಳಗೆ 'ಉದ್ದೇಶಕ', ಅಂದರೆ ಲೆಕ್ಕ. ಓದುಗನನ್ನು ನೇರವಾಗಿ ಕರೆದು, 'ಎಲೈ ಗಣಿತಜ್ಞನೇ, ಹೇಳು ನೋಡೋಣ' ಅನ್ನುವ ಧಾಟಿ. ಬಡ್ಡಿ, ಬಂಗಾರದ ಬೆರಕೆ, ಹಣ್ಣಿನ ವ್ಯಾಪಾರ, ತೋಡುವ ಗುಂಡಿ, ಕಂಬದ ನೆರಳು... ಆರಂಭದಲ್ಲೇ ಗಣಿತ ಎಲ್ಲೆಲ್ಲಿ ಬೇಕು ಅಂತ ಒಂದು ದೊಡ್ಡ ಪಟ್ಟಿಯನ್ನೂ ಕೊಡುತ್ತಾನೆ; ಅದರಲ್ಲಿ ಸಂಗೀತ, ವೈದ್ಯ, ವ್ಯಾಕರಣ, ಛಂದಸ್ಸಿನ ಜೊತೆ ಅಡುಗೆಯೂ ಇದೆ. ಪ್ರೂಫ್ ಮಾತ್ರ ಕೊಡುವುದಿಲ್ಲ. ಅದೊಂದು ಕೊರತೆ ಅಂತಲೇ ನನ್ನ ಅಭಿಪ್ರಾಯ.

ಒಂದು ಸ್ಯಾಂಪಲ್. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ: ಆರು ರುಚಿ ಬೆರೆಸಿ ಎಷ್ಟು ಬಗೆ ಮಾಡಬಹುದು? ವಿಧಾನ ಹೀಗೆ. 1ರಿಂದ 6ರವರೆಗೆ ಒಂದು ಸಾಲು ಬರಿ, ಅದೇ ಅಂಕಿಗಳನ್ನು 6ರಿಂದ 1ಕ್ಕೆ ತಿರುಗಿಸಿ ಇನ್ನೊಂದು ಸಾಲು ಬರಿ. ತಿರುಗಿಸಿದ ಸಾಲಿನದನ್ನು ಒಂದೊಂದಾಗಿ ಗುಣಿಸುತ್ತ ಹೋಗು, ನೇರ ಸಾಲಿನ ಗುಣಲಬ್ಧದಿಂದ ಭಾಗಿಸುತ್ತ ಹೋಗು. 6, 15, 20, 15, 6, 1. ಒಟ್ಟು 63. ಪಿಯುಸಿಯಲ್ಲಿ ಓದಿದ ಎನ್‌ಸಿಆರ್ ಸೂತ್ರ ಇದೇ, ಎಷ್ಟು ವಸ್ತುಗಳಿದ್ದರೂ ನಡೆಯುವ ಸಾಮಾನ್ಯ ರೂಪದಲ್ಲಿ. ಇಂಟರ್‌ವ್ಯೂಗೆ ಬರುವ ಹುಡುಗರು ಇದನ್ನು ಕೋಡ್ ಮಾಡು ಅಂದರೆ ಮೂರು ಸಲ ಫ್ಯಾಕ್ಟೋರಿಯಲ್ ಲೆಕ್ಕ ಹಾಕುತ್ತಾರೆ. ಒಂಬತ್ತನೇ ಶತಮಾನದ ಈ ಆಚಾರ್ಯ ಒಂದೇ ಲೂಪಿನಲ್ಲಿ ಮುಗಿಸುತ್ತಾನೆ.

ಇನ್ನೊಂದು ಮಜಾ ಇದೆ. ಗುಣಾಕಾರದ ಭಾಗದಲ್ಲಿ ಉತ್ತರವು ಹಾರದ ಹಾಗೆ ಕಾಣುವ ಲೆಕ್ಕಗಳನ್ನು ಪೋಣಿಸಿದ್ದಾನೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321. ಬರೀ ಚಮತ್ಕಾರ ಅಂದುಕೊಳ್ಳಬೇಡಿ. ಕೈಯಲ್ಲಿ ಗುಣಿಸುವ ವಿದ್ಯಾರ್ಥಿಗೆ ಉತ್ತರ ಸರಿ ಬಂತೋ ಇಲ್ಲವೋ ಅಂತ ಹಾರ ನೋಡಿದ ಕೂಡಲೇ ತಿಳಿಯುತ್ತದೆ. ಟೆಸ್ಟ್ ಕೇಸ್ ಅಂದರೆ ಇದೇ ಅಲ್ಲವೇ? ಕೊನೆಯದನ್ನು ನಿಮ್ಮ ಸಿ ಪ್ರೋಗ್ರಾಮಿನಲ್ಲಿ 32 ಬಿಟ್‌ನ ಇಂಟಿಜರ್‌ಗಳಲ್ಲಿ ಗುಣಿಸಿ ನೋಡಿ, ಹಾರ ಹರಿದು ಮುತ್ತೆಲ್ಲ ಚೆಲ್ಲಾಪಿಲ್ಲಿ. 32 ಬಿಟ್ಟಿಗೆ 429 ಕೋಟಿ ಚಿಲ್ಲರೆಯೇ ಮಿತಿ, ಈ ಉತ್ತರ 1234 ಕೋಟಿ ದಾಟುತ್ತದೆ.

ಈ ಪುಸ್ತಕದಲ್ಲಿ ಬಗ್ ಕೂಡ ಇದೆ! ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ ಈ ಮನುಷ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಅಂದುಬಿಟ್ಟಿದ್ದಾನೆ. ತಪ್ಪು. ಇದನ್ನು ಮುಚ್ಚಿಟ್ಟು ಹೊಗಳುವವರು ಅವನಿಗೆ ಉಪಕಾರ ಮಾಡುತ್ತಿಲ್ಲ. ಕ್ನೂತ್ ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿದವರಿಗೆ 2 ಡಾಲರ್ 56 ಸೆಂಟ್ ಕೊಡುತ್ತಾರೆ (256 ಸೆಂಟ್ ಅಂದರೆ ಹೆಕ್ಸಾಡೆಸಿಮಲ್‌ನ ಒಂದು ಡಾಲರ್, ಅದು ಅವರ ಜೋಕು). ಮಾನ್ಯಖೇಟದಲ್ಲಿ ಇಂಥ ವ್ಯವಸ್ಥೆ ಇದ್ದಿದ್ದರೆ ಯಾರೋ ಒಬ್ಬ ಜಾಣ ಶಿಷ್ಯ ಒಂದು ಪಣ ಗಿಟ್ಟಿಸುತ್ತಿದ್ದ.

ಕ್ನೂತ್ ಹೆಸರು ಬಂತಲ್ಲ, ಅವರ ಪುಸ್ತಕದೊಳಗೂ ನಮ್ಮ ಕಡೆಯ ದಾರಿಯೊಂದಿದೆ. ಮೊದಲ ಸಂಪುಟದಲ್ಲಿ ಫಿಬೊನಾಚಿ ಸಂಖ್ಯೆಗಳ ಬಗ್ಗೆ ಬರೆಯುವಾಗ ಗೋಪಾಲ ಮತ್ತು ಹೇಮಚಂದ್ರರನ್ನು ನೆನೆಯುತ್ತಾರೆ. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು; ನಾಲ್ಕು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಐದು. ಮೂರಕ್ಕೆ ಮೂರು, ಐದಕ್ಕೆ ಎಂಟು. ಇಟಲಿಯ ಫಿಬೊನಾಚಿ ತನ್ನ ಪುಸ್ತಕ ಬರೆದದ್ದು 1202ರಲ್ಲಿ, ಹೇಮಚಂದ್ರ ಅದಕ್ಕೂ ಅರ್ಧ ಶತಮಾನ ಹಿಂದಿನವನು. 2011ರಲ್ಲಿ ಬಂದ 4ಎ ಸಂಪುಟದಲ್ಲಂತೂ ನಮ್ಮ ಛಂದಶ್ಶಾಸ್ತ್ರದ ಪ್ರಸ್ತಾರಗಳಿಗೆ ಒಳ್ಳೆ ಜಾಗವೇ ಇದೆ.

ಹೈಸ್ಕೂಲಿನಲ್ಲಿ 'ಯಮಾತಾರಾಜಭಾನಸಲಗಂ' ಉರು ಹೊಡೆದದ್ದು ನೆನಪಿದೆಯಾ? ಮೂರು ಮೂರು ಅಕ್ಷರ ತೆಗೆಯುತ್ತ ಹೋದರೆ ಎಂಟೂ ಗಣ ಒಂದೊಂದು ಸಲ ಬರುತ್ತವೆ. ಇಂಥ ಜೋಡಣೆಯನ್ನು ಕಂಪ್ಯೂಟರ್ ಸೈನ್ಸಿನಲ್ಲಿ ಡಿ ಬ್ರೂಯ್ನ್ ಸೀಕ್ವೆನ್ಸ್ ಅಂತಾರೆ. ಅದಕ್ಕಿಂತ ಚೆಂದದ್ದು ಪಿಂಗಳನಿಂದ ಬಂದ 'ನಷ್ಟ' ಅನ್ನುವ ವಿಧಾನ. ಎಲ್ಲ ಗುರು-ಲಘು ವಿನ್ಯಾಸಗಳನ್ನು ಕ್ರಮವಾಗಿ ಬರೆದ ಕೋಷ್ಟಕದಲ್ಲಿ ಒಂದು ಸಾಲು ಅಳಿಸಿಹೋಗಿದೆ ಅಂದುಕೊಳ್ಳಿ, ಆರನೇ ಸಾಲು. ಪೂರ್ತಿ ಕೋಷ್ಟಕ ಮತ್ತೆ ಬರೆಯದೆ ಅದನ್ನು ಹೇಗೆ ತಿಳಿಯೋದು? ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡು. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಆರು ಸಮ: ಲಘು, ಉಳಿದದ್ದು ಮೂರು. ಮೂರು ಬೆಸ: ಗುರು, ಒಂದು ಕೂಡಿಸಿ ಅರ್ಧ ಮಾಡಿದರೆ ಎರಡು. ಎರಡು ಸಮ: ಲಘು. ಲಘು-ಗುರು-ಲಘು, ಜಗಣ! ನಾವು ಡೆಸಿಮಲ್‌ನಿಂದ ಬೈನರಿಗೆ ಹೋಗುವ ಲೂಪ್ ಇದೇ ಜಾತಿಯದು. ಹತ್ತನೇ ಶತಮಾನದ ಕೊನೆಯ ನಾಗವರ್ಮನ 'ಛಂದೋಂಬುಧಿ' ಈ ಛಂದಶ್ಶಾಸ್ತ್ರವನ್ನು ಕನ್ನಡಕ್ಕೆ ತಂದ ಪುಸ್ತಕ, ಕಿಟೆಲ್ ಅದನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕಂಪ್ಯೂಟರನ್ನು ನಾವೇ ಕಂಡುಹಿಡಿದೆವು ಅಂತ ಇದರ ಅರ್ಥ ಖಂಡಿತ ಅಲ್ಲ. ಅಲ್ಗಾರಿದಮ್ ಬರೆದು ತಿಳಿಸುವ ಕಲೆ ಕನ್ನಡ ಮೇಷ್ಟ್ರ ಕ್ಲಾಸಿನಲ್ಲೇ ಇತ್ತು, ಅಷ್ಟೆ. ದೇವದುರ್ಗದ ಹುಡುಗ ಹತ್ತನೆಯಲ್ಲಿ ಕಲಿತದ್ದು ವೇಸ್ಟಲ್ಲ.

ಭಾಷೆಯ ವಿಷಯವೂ ಇದೆ. ಗಣಿತಸಾರಸಂಗ್ರಹ ಸಂಸ್ಕೃತದಲ್ಲೇ ಉಳಿಯಲಿಲ್ಲ, ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಮಾತಾಡುವ ರಾಯಚೂರಿನವರಿಗೆ ಇವೆರಡೂ ಸ್ವಂತದವೇ. ಮಹಾವೀರಾಚಾರ್ಯನ ಮೂಲವನ್ನು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಪೂರ್ತಿ ಕನ್ನಡ ಅನುವಾದದೊಂದಿಗೆ ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರ ಆವೃತ್ತಿ 2000ದಲ್ಲಿ ಹೊಂಬುಜ ಜೈನ ಮಠದಿಂದ ಬಂತು. 1150 ವರ್ಷ ಕಾಯಬೇಕಾಯಿತು, ಇರಲಿ.

ಈ ಪಟ್ಟಿಗೆ ಇನ್ನೊಂದೇ ಹೆಸರು ಸೇರಿಸಿ ನಿಲ್ಲಿಸುತ್ತೇನೆ: ವಿ. ರಾಜಾರಾಮನ್. 1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಕಂಪ್ಯೂಟರ್ ಬಂದಾಗ ಅಲ್ಲಿ ಪ್ರೋಗ್ರಾಮಿಂಗ್ ಕಲಿಸಿದವರಲ್ಲಿ ಒಬ್ಬರು. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ವಿದೇಶಿ ಪುಸ್ತಕ ಕೊಳ್ಳಲು ನಮ್ಮ ಹುಡುಗರಿಗೆ ಆಗುವುದಿಲ್ಲ ಅಂತ ಕ್ಲಾಸಿನ ನೋಟ್ಸನ್ನೇ ತಿದ್ದಿ 1969ರಲ್ಲಿ 'ಪ್ರಿನ್ಸಿಪಲ್ಸ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಅನ್ನುವ ಅಗ್ಗದ ಪುಸ್ತಕ ತಂದರು, ಪ್ರಕಾಶಕರು ಪ್ರೆಂಟಿಸ್ ಹಾಲ್ ಆಫ್ ಇಂಡಿಯಾ. ಆ ವರ್ಷ ದೇಶದಲ್ಲಿ ಕಂಪ್ಯೂಟರ್ ಇದ್ದ ಕಾಲೇಜುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಯಂತ್ರವನ್ನೇ ನೋಡದವನೂ ಕಾಗದದ ಮೇಲೆ ಕಲಿಯುವಂತೆ ಬರೆಯಬೇಕಿತ್ತು, ಹಾಗೇ ಬರೆದರು. ಮುಂದೆ ಫೋರ್ಟ್ರಾನ್ 77, ಸಿ ಅಂತ ಸಾಲುಸಾಲು ಪುಸ್ತಕ. ದಪ್ಪ ವಿದೇಶಿ ಪುಸ್ತಕದ ಮುಂದೆ ಕಾಗದ ತೆಳು, ಬೆಲೆ ಕಮ್ಮಿ. ನನ್ನ ಕಾಲದಲ್ಲೂ ಸೀನಿಯರ್‌ಗಳಿಂದ ಅರ್ಧ ರೇಟಿಗೆ ಕೈ ಬದಲಾಯಿಸುತ್ತಿದ್ದದ್ದು ಇಂಥವೇ.

ವಿಮರ್ಶಕರ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ಕ್ನೂತ್‌ರ ಆಳ ಅದರಲ್ಲಿಲ್ಲ, ಕರ್ನಿಘನ್‌ರ ಸೊಗಸೂ ಇಲ್ಲ, ನಿಜ. ಆದರೂ ಮಾನ್ವಿ, ದೇವದುರ್ಗದಂಥ ಊರುಗಳಿಂದ ಬಂದವರ ಕೈಗೆ ಮೊದಲು ಎಟುಕುತ್ತಿದ್ದದ್ದು ಯಾವುದು ಅಂತ ಯಾರಾದರೂ ಇತಿಹಾಸ ಬರೆದರೆ ಅವರದೇ ಮೇಲಿರುತ್ತದೆ ಅನ್ನುವುದು ನನ್ನ ಲೆಕ್ಕ.

ಅಂದ ಹಾಗೆ, 1969ರ ಆ ಮೊದಲ ಮುದ್ರಣ ನಾನು ಕಣ್ಣಾರೆ ನೋಡಿಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ, ಅಪ್ಪನದೋ ಮಾವನದೋ ಹಳೇ ಪುಸ್ತಕದ ಗಂಟಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ರದ್ದಿಗೆ ಹಾಕಬೇಡಿ ಮಾರಾಯ್ರೆ, ನಾನೇ ಬಂದು ತಗೊಂಡು ಹೋಗ್ತೀನಿ.