ಪಲಾಂಡುವೂ ಗುಲಾಬಿ ಈರುಳ್ಳಿಯೂ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಸೀಮೆಯಲ್ಲಿ ಹೊಲದ ಕೆಲಸದವನಿಗೆ ರಾಗಿಮುದ್ದೆ, ಸಾರು, ಅದರೊಡನೆ ಕಚ್ಚಿಕೊಳ್ಳಲು ಒಂದು ಹಸಿ ಈರುಳ್ಳಿ ಇದ್ದರೆ ಊಟವು ಪೂರ್ಣವಾಯಿತು. ಆಚಾರವಂತರ ಮನೆಗಳಲ್ಲಾದರೋ ಶ್ರಾದ್ಧದ ದಿನ, ವ್ರತದ ದಿನ ಈ ಗೆಡ್ಡೆಯು ಅಡುಗೆಮನೆಯ ಹೊಸಿಲನ್ನು ದಾಟುವಂತಿಲ್ಲ. ಒಂದೇ ಪದಾರ್ಥಕ್ಕೆ ಒಂದೆಡೆ ಆದರವೂ ಮತ್ತೊಂದೆಡೆ ನಿಷೇಧವೂ ಉಂಟಾದುದು ಇಂದು ನಿನ್ನೆಯ ಮಾತಲ್ಲ.

ಈರುಳ್ಳಿಯ ತವರು ಮಧ್ಯ ಏಷ್ಯವೆಂಬುದು ಸಸ್ಯಶಾಸ್ತ್ರಜ್ಞರಲ್ಲಿ ಬಹುಮಂದಿಯ ಮತ. ಸಂಸ್ಕೃತದಲ್ಲಿ ಇದಕ್ಕೆ ಪಲಾಂಡುವೆಂದು ಹೆಸರು. ಕನ್ನಡದ ‘ಉಳ್ಳಿ’ಯಾದರೋ ಸಂಸ್ಕೃತದಿಂದ ಬಂದುದಲ್ಲ, ತಮಿಳು ತೆಲುಗುಗಳಲ್ಲಿಯೂ ಇರುವ ದೇಶ್ಯಪದ. ಬಿಳಿಯ ಉಳ್ಳಿ ಬೆಳ್ಳುಳ್ಳಿಯಾಯಿತು. ಕರಾವಳಿಯವರು ನೀರುಳ್ಳಿಯೆಂದೂ ಉತ್ತರದವರು ಉಳ್ಳಾಗಡ್ಡಿಯೆಂದೂ ಕರೆಯುವರು. ಶಾಸ್ತ್ರದ ಅಪ್ಪಣೆಗೆ ಕಾಯದೆ ಜನರು ಈ ಗೆಡ್ಡೆಗೆ ತಮ್ಮ ಮಾತಿನಲ್ಲಿಯೇ ಹೆಸರಿಟ್ಟುಕೊಂಡರು.

ಮನುಸ್ಮೃತಿಯ ಐದನೆಯ ಅಧ್ಯಾಯವು ಬೆಳ್ಳುಳ್ಳಿ, ಗೃಂಜನ, ಪಲಾಂಡು, ಅಣಬೆ ಇವುಗಳನ್ನು ಒಂದೇ ಸಾಲಿನಲ್ಲಿ ಸೇರಿಸಿ ದ್ವಿಜರಿಗೆ ಅಭಕ್ಷ್ಯವೆಂದು ವಿಧಿಸುತ್ತದೆ. ಜೈನರು ಕಂದಮೂಲಗಳಲ್ಲಿ ಜೀವಿಗಳು ಅಸಂಖ್ಯವೆಂದು ಇದನ್ನು ವರ್ಜಿಸಿದರು. ಏಳನೆಯ ಶತಮಾನದಲ್ಲಿ ಭರತಖಂಡವನ್ನು ಸಂಚರಿಸಿದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗನು, ಇಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ತಿನ್ನುವವರು ವಿರಳವೆಂದೂ ತಿಂದವರನ್ನು ಊರ ಹೊರಗೆ ಕಳುಹಿಸುತ್ತಿದ್ದರೆಂದೂ ಬರೆದಿಟ್ಟಿರುವನು.

ವೈದ್ಯರ ದೃಷ್ಟಿಯು ಬೇರೆ. ಚರಕಸಂಹಿತೆಯ ಸೂತ್ರಸ್ಥಾನವು ಪಲಾಂಡುವಿನ ಗುಣದೋಷಗಳೆರಡನ್ನೂ ತೂಗಿ ನೋಡುತ್ತದೆ: ಕಫವನ್ನು ಹೆಚ್ಚಿಸುವುದು, ಪಿತ್ತವನ್ನು ತಗ್ಗಿಸದು, ಜೀರ್ಣಿಸಲು ಗುರುವಾದುದು, ಆದರೆ ವಾತವನ್ನು ಹರಿಸುವುದು, ಬಲವನ್ನೂ ರುಚಿಯನ್ನೂ ಕೊಡುವುದು, ಆಹಾರದಲ್ಲಿ ಸೇರಿಸಲು ತಕ್ಕುದು. ಧರ್ಮಶಾಸ್ತ್ರವು ಜಾತಿಯನ್ನು ನೋಡಿ ನಿಷೇಧಿಸಿತು. ವೈದ್ಯವು ವಸ್ತುವನ್ನು ನೋಡಿ ವಿವೇಚಿಸಿತು. ಮುಂದೆ ಹೋಟೆಲುಗಳು ಬಂದ ಮೇಲೆ, ಮನೆಯಲ್ಲಿ ಒಲ್ಲೆನೆಂದವರು ಕೂಡ ಮಸಾಲೆದೋಸೆಯ ಪಲ್ಯದಲ್ಲಿ ಅದನ್ನು ಮೌನವಾಗಿ ಅಂಗೀಕರಿಸಿದರು.

ಹೀಗೆ ವಿವೇಚಿಸಿ ನೋಡುವ ಅಗತ್ಯವು ಈ ಸೀಮೆಯ ರೈತನಿಗೆ ಈಚೆಗೆ ಮತ್ತೊಂದು ರೀತಿಯಲ್ಲಿ ಒದಗಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆಯ ಕೆಮ್ಮಣ್ಣಿನಲ್ಲಿ ಬೆಳೆಯುವ ಗುಲಾಬಿ ಈರುಳ್ಳಿಯು ಗಾತ್ರದಲ್ಲಿ ಕಿರಿದು, ತಳದಲ್ಲಿ ಚಪ್ಪಟೆ, ಬಣ್ಣದಲ್ಲಿ ಕಡುಗೆಂಪು, ಘಾಟಿನಲ್ಲಿ ಹಿರಿದು. ಬೆಳೆಯುವ ನಾಡಿನವರು ಕೊಳ್ಳುವುದು ದಪ್ಪ ಈರುಳ್ಳಿಯನ್ನೇ. ಇದಕ್ಕೆ ಗಿರಾಕಿಗಳು ಮಲೇಷ್ಯ, ಸಿಂಗಪುರ ಮೊದಲಾದ ಕಡಲಾಚೆಯವರು. 2015ರಲ್ಲಿ ಇದಕ್ಕೆ ‘ಬೆಂಗಳೂರು ಗುಲಾಬಿ ಈರುಳ್ಳಿ’ ಎಂಬ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು.

ಆದರೂ ನಾಡಿನೊಳಗೆ ಈರುಳ್ಳಿಯ ಬೆಲೆಯೇರಿ 2019ರ ಸೆಪ್ಟೆಂಬರಿನಲ್ಲಿ ರಫ್ತು ನಿಂತಾಗ, ಒಳನಾಡಿನಲ್ಲಿ ಕೇಳುವವರಿಲ್ಲದ ಈ ಗೆಡ್ಡೆಯೂ ಅದೇ ಆಜ್ಞೆಗೆ ಒಳಪಟ್ಟಿತು. ಬೆಳೆಗಾರರ ಮೊರೆಯ ಮೇಲೆ, ಮರುತಿಂಗಳು 9,000 ಟನ್ನಿನವರೆಗೆ ಚೆನ್ನೈ ಬಂದರಿನ ಮೂಲಕ ಕಳುಹಿಸಲು ಅನುಮತಿಯಾಯಿತು. 2023ರ ಆಗಸ್ಟಿನಲ್ಲಿ ಶೇಕಡಾ 40ರ ರಫ್ತು ಸುಂಕವು ಬಂದಾಗಲೂ ಹಾಗೆಯೇ. ಸೆಪ್ಟೆಂಬರಿನ ಕೊನೆಗೆ, ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವಿದ್ದರೆ ಗುಲಾಬಿ ಈರುಳ್ಳಿಗೆ ಸುಂಕವಿಲ್ಲವೆಂದು ತೀರ್ಮಾನವಾಯಿತು. ಗೆಡ್ಡೆಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸ್ಮೃತಿಕಾರರ ಕಾಲದೊಡನೆ ಮುಗಿಯಲಿಲ್ಲ. ಕಿತ್ತ ಬೆಳೆಯನ್ನು ರಾಶಿ ಹಾಕಿ ಕುಳಿತ ರೈತನು ಆ ಕೆಲವು ವಾರಗಳ ವಿಳಂಬಕ್ಕೆ ಬೆಲೆ ತೆರಬೇಕಾಯಿತು.

ಭೌಗೋಳಿಕ ಸೂಚಕವು ಬೀಜಕ್ಕೆ ಮಾತ್ರ ಸಲ್ಲುವ ಗೌರವವಲ್ಲ. ಅದು ನೆಲಕ್ಕೆ ಕಟ್ಟಿದ ಹೆಸರು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಯತ್ನಕ್ಕೆ ಎದುರಾಗಿ ರೈತರು 2022ರಿಂದ ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರವು ಆ ಯತ್ನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಲ್ಲಿ ರಾಗಿ, ತರಕಾರಿ, ದ್ರಾಕ್ಷಿ, ಹಿಪ್ಪುನೇರಳೆಗಳೆಲ್ಲವೂ ಬೆಳೆಯುವುವು. ಸ್ಮೃತಿಯ ನಿಷೇಧವನ್ನೂ ಸುಂಕದ ಕಟ್ಟಳೆಯನ್ನೂ ದಾಟಿ ಬಂದ ಈರುಳ್ಳಿಗೆ, ತಾನು ಬೇರೂರುವ ಕೆಮ್ಮಣ್ಣು ಹೋದ ಮೇಲೆ ದಾಟಲು ಬೇರೆ ದಾರಿಯಿಲ್ಲ.